ಹತ್ತಿಪೇಟೆಗೆ ಹೊರಟ ಬಟ್ಟೆಗಳು

ರೀ,

ಕುರಿಹಟ್ಟಿಯಿಂದ ನೀವು ಬರುವಷ್ಟರಲ್ಲಿ ನಾನು ಬೆಂಕಿಗೆ ಸುಟ್ಟ ಹತ್ತಿಪೇಟೆಗೆ ಹೊರಟಿರುತ್ತೇನೆ. ಜೀಪು ಬಾಗಿಲಿಗೇ ಬಂದಿದೆ. ರೊಟ್ಟಿ ಬುಟ್ಟಿಯಲ್ಲಿದೆ, ಪುಂಡಿಪಲ್ಯ ಮುಚ್ಚಿಟ್ಟಿದ್ದೇನೆ.

ಅಲ್ಲಿಯವರಿಗೆಂದು ಕಟ್ಟಿಟ್ಟ ಪಡಸಾಲೆಯ ಬಟ್ಟೆಗಂಟುಗಳನ್ನು ಹನ್ನೊಂದು ಗಂಟೆಗೆ ಕಲ್ಯಾಣಪ್ಪನ ಟೆಂಪೋಗೆ ಹಾಕಿಸಿ. ಮೂಲೆಯ ಹರಕು ಬಟ್ಟೆಗಳನ್ನು ಕಳಿಸಬೇಡಿ, ಅವು ಹೊದೆಯುವ ಕೌದಿ ಹೊಲಿಯಲಿಕ್ಕೆ. "ಬೆಂಕ್ಯಾಗ ಊರೇ ಸುಟ್ಟವರಿಗಿ ಹರಕಾದ್ರೇನು?" ಎಂದು ನಿನ್ನೆ ನೀವು ಅಂದಿರಲ್ಲ, ನನಗೆ ಸಿಟ್ಟು ಬಂದದ್ದು ಅದಕ್ಕೇ.

ನೀವು ಮುಖ ಊದಿಸಿಕೊಂಡು ಹಟ್ಟಿಗೆ ಹೋದ ಮೇಲೆ ಓಣಿಯ ಹೆಂಗಸರೂ ಅದನ್ನೇ ಅಂದರು. ಆಗ ಅತ್ತೆ ಬಾಯಿ ಬಿಟ್ಟರು. "ಭೂಕಂಪ ಆದಾಗ ನನಗ ಬಂದ ಗಂಟಿನ್ಯಾಗ ಬೆನ್ನು ಹರಿದ ಜಂಪರ ಇತ್ತು. ಅದನ್ನ ಹಾಕ್ಕೊಂಡು ಮಂದ್ಯಾಗ ಹ್ಯಾಂಗ ನಿಲ್ಲಲಿ? ನಾಕ ದಿನ ಶೆಡ್ಡಿನ್ಯಾಗೇ ಕುಂತೆ" ಅಂದರು. ಮೂವತ್ತು ವರ್ಷಗಳಲ್ಲಿ ಇದನ್ನು ನಿಮಗೂ ಹೇಳಿರಲಿಲ್ಲವಂತೆ. ಹೆಂಗಸರು ಒಬ್ಬೊಬ್ಬರೇ ಎದ್ದು ಮನೆಗೆ ಹೋದರು. ಬೆಳಿಗ್ಗೆ ಬಾಗಿಲು ತೆಗೆದರೆ ಪಕ್ಕದ ಮನೆಯ ರಂಭಾಬಾಯಿ ಒಮ್ಮೆಯೂ ಉಡದ, ಘಡಿ ಮುರಿಯದ ಎರಡು ಸೀರೆ ಹಿಡಿದು ನಿಂತಿದ್ದರು. ಹಿಂದೆಯೇ ಇಡೀ ಓಣಿ ಬಂತು. ಈಗ ಪಡಸಾಲೆಯಲ್ಲಿ ಕಾಲಿಡಲು ಜಾಗವಿಲ್ಲ.

ಟ್ರಂಕಿನಲ್ಲಿದ್ದ ನಿಮ್ಮ ಹೊಸ ಕಂಬಳಿಯನ್ನೂ ಕೇಳದೆ ಗಂಟಿಗೆ ಹಾಕಿದ್ದೇನೆ. ಬೈಯುವುದಿದ್ದರೆ ನಾನು ಬಂದ ಮೇಲೆ ಬೈಯಿರಿ.

ಅತ್ತೆಯನ್ನು ಹುಡುಕಬೇಡಿ. ಜೀಪಿನ ಮುಂದಿನ ಸೀಟಿನಲ್ಲಿ ಕುಳಿತುಬಿಟ್ಟಿದ್ದಾರೆ. "ಮೊಣಕಾಲು ನೋವು ಅದ, ಬ್ಯಾಡ್ರಿ" ಅಂದೆ. "ನೀವೆಲ್ಲಾ ಗಾಡಿ ಮ್ಯಾಲಿಂದ ಒಗೀತೀರಿ. ಒಬ್ಬೊಬ್ಬರ ಕೈಯಾಗ, ಅವರ ಮಾರಿ ನೋಡಿ ಕೊಡಬೇಕು. ನಾನೇ ಕೊಡ್ತೀನಿ, ನಡಿ" ಅಂದರು.

ಸಾರಿಕಾ