ನನ್ನನ್ನು ಯಾರೂ ಹೊರಗೆ ಹಾಕಿಲ್ಲ

ಪ್ರೀತಿಯ ವರ್ನಾ ಅಜ್ಜಿಗೆ,

ಇನ್ನೊಂದು ಸಲ ಬರೆಯುತ್ತಿದ್ದೇನೆ, ದಯವಿಟ್ಟು ಕನ್ನಡಕ ಹಾಕಿಕೊಂಡು ಓದು. ನೆಬ್ರಾಸ್ಕಾದ ಸರ್ಕಾರಿ ವಿಶ್ವವಿದ್ಯಾಲಯದವರು ನನ್ನನ್ನು ಹೊರಗೆ ಹಾಕಲಿಲ್ಲ. ನಾನೇ ಬಿಟ್ಟೆ. ಮ್ಯಾಸಚೂಸೆಟ್ಸ್‌ನ ಈ ಕಾಲೇಜಿನವರು ಎರಡನೇ ವರ್ಷಕ್ಕೆ ಹೊರಗಿನಿಂದ ಸೇರಿಸಿಕೊಳ್ಳುವುದೇ ಬೆರಳೆಣಿಕೆಯಷ್ಟು ಜನರನ್ನು. ಅವರಲ್ಲಿ ನಾನೂ ಒಬ್ಬಳು.

ಇದನ್ನೇ ಫೋನಿನಲ್ಲಿ ಹೇಳಿದರೆ ನೀನು ಏನೆಂದೆ? "ಚೆನ್ನಾಗಿ ಓದೋರು ಯಾರಾದ್ರೂ ಮಧ್ಯದಲ್ಲಿ ಕಾಲೇಜು ಬಿಡ್ತಾರೇನೇ? ಏನೋ ಮುಚ್ಚಿಡ್ತಿದೀಯ!" ಅಷ್ಟಕ್ಕೇ ನಿಲ್ಲಿಸಿದೆಯಾ? ಚರ್ಚಿನಲ್ಲೂ ಸಾರಿದೆ. ನಿನ್ನೆ ಪಾದ್ರಿಯ ಹೆಂಡತಿ ಅರ್ಲೀನ್ ಫೋನ್ ಮಾಡಿ, "ತಪ್ಪು ಎಲ್ರೂ ಮಾಡ್ತಾರಮ್ಮ, ದೇವರು ಕ್ಷಮಿಸ್ತಾನೆ," ಎಂದು ಅತ್ತರು. ಕೊನೆಗೆ ನಾನೇ ಅವರನ್ನು ಸಮಾಧಾನಪಡಿಸಬೇಕಾಯಿತು! ಭಾನುವಾರ ಅವರಿಗೆ ನಿಜ ಹೇಳಿಬಿಡು.

ಇನ್ನೊಂದು ವಿಷಯವಿದೆ, ಅದನ್ನು ಮಾತ್ರ ಅವರಿಗೆ ಹೇಳಬೇಡ. ನನ್ನ ಮೊದಲ ಪ್ರಬಂಧವನ್ನು ಇಲ್ಲಿನ ಮೇಷ್ಟರು ಹಿಂದಿರುಗಿಸಿದರು. "ಓದಿರೋದು ಕಾಣ್ಸುತ್ತೆ, ನೀವೇನು ಯೋಚಿಸಿದ್ರಿ ಅನ್ನೋದೇ ಇಲ್ವಲ್ಲ. ಮತ್ತೆ ಬರೀರಿ," ಎಂದರು. ಅಲ್ಲಿ ತರಗತಿಗೇ ಮೊದಲಿಗಳಾಗಿದ್ದವಳು ನಾನು. ಇಲ್ಲಿನ ಊಟದ ಹಾಲ್‌ನಲ್ಲಿ ಎಲ್ಲರೂ ಮೊದಲ ವರ್ಷದಿಂದಲೇ ಜೊತೆಯಾದವರು. ನಾನು ತಟ್ಟೆ ಹಿಡಿದುಕೊಂಡು ಎಲ್ಲಿ ಕೂರಲಿ ಎಂದು ಹುಡುಕುತ್ತಿರುತ್ತೇನೆ. ಅಮ್ಮನಿಗೆ ಹೇಳಿದರೆ "ವಾಪಸ್ ಬಂದ್ಬಿಡು" ಎನ್ನುತ್ತಾಳೆ. ನಾನು ಬರುವುದಿಲ್ಲ.

ಸಂಜೆ ಊಟದ ಹೊತ್ತಿಗೆ ಒಂದು ಫೋನ್ ಮಾಡು. ಬೈದರೂ ಪರವಾಗಿಲ್ಲ, ಬೇಗ ಇಡಬೇಡ.

ನಿನ್ನ ಮೊಮ್ಮಗಳು,
ಮಾರ್ಲಾ