ಆರು ಪಂಜುಗಳ ತೀರ್ಪು

ಮರ್ಫಿ ಟೌನ್
೧೬ ನವೆಂಬರ್ ೧೯೪೩

ಜಗಲಿಯ ಮೇಲೆ ನೆರೆದಿರುವ ಮಹಾಜನಗಳೇ, ಕಂಬಕ್ಕೊರಗಿ ಕೂತಿರುವ ಅತ್ತೆ ಗಂಗಲಕ್ಷ್ಮಮ್ಮನವರೇ, ಕಾಗದ ಓದುತ್ತಿರುವ ಭಾವಮೈದ ಮುನಿಆಂಜನಪ್ಪನೇ, ಬಾಗಿಲ ಹಿಂದೆ ನಿಂತು ಕೇಳುತ್ತಿರುವ ನನ್ನ ಹೆಂಡತಿ ಆದಿಲಕ್ಷ್ಮಿಯೇ, ಎಲ್ಲರೂ ಕಿವಿಗೊಟ್ಟು ಲಾಲಿಸಬೇಕು. ಬರೆಯುವುದು ತಡವಾಯಿತು, ಮನ್ನಿಸಬೇಕು. ಕೂತಾಗಲೆಲ್ಲ ಲೇಖನಿಯ ತುದಿಯಲ್ಲೇ ಶಾಯಿ ಒಣಗುತ್ತಿತ್ತು. ಜಟಕಾ ಶಮೀಮ್ ಇವತ್ತು ನಿಮ್ಮೂರ ಕಡೆ ಬರುತ್ತಿದ್ದಾನೆ, ಅವನ ಕೈಲೇ ಕಳಿಸಿದ್ದೇನೆ.

ಮಗಳನ್ನು ತವರಿಗೆ ಕರೆದೊಯ್ಯುವ ದಿನ ಅತ್ತೆಯವರು ಆಡಿದ ಮಾತು ಇನ್ನೂ ಈ ಗೋಡೆಗೆ ಅಂಟಿಕೊಂಡಿದೆ. "ಎರಡು ಕೂಸು ಹೋದ್ವು. ಈ ಮನೆ ಮಕ್ಕಳನ್ನ ನುಂಗ್ತದೆ. ಇನ್ನು ಇವಳನ್ನ ಕಳಿಸಲ್ಲ." ಅದಕ್ಕೆ ನನ್ನ ಉತ್ತರ ಇದು. ಮೊನ್ನೆ ಕಾರ್ಖಾನೆಯಲ್ಲಿ ಒಂದು ವಿಚಾರಣೆ ನಡೆಯಿತು, ಅದನ್ನು ಹೇಳುತ್ತೇನೆ.

ಸೈನ್ಯದವರು ರಾತ್ರಿ ಸನ್ನೆಗೆ ಉರಿಸುವ ಪಂಜುಗಳನ್ನು ನಾವು ಪರೀಕ್ಷೆ ಮಾಡುತ್ತೇವಲ್ಲ, ಅವು ಸರಾಸರಿ ಅರವತ್ತು ಸೆಕೆಂಡು ಉರಿಯಬೇಕೆಂದು ಕರಾರು. ಉರಿಸಿ ನೋಡಿದ್ದು ಮತ್ತೆ ಕೆಲಸಕ್ಕೆ ಬಾರದು. ಅದಕ್ಕೇ ಇಡೀ ರಾಶಿಯಲ್ಲಿ ಆರೇ ಆರು ಎತ್ತಿಕೊಳ್ಳುತ್ತೇವೆ. ಈ ಸಲ ಒಂದು ಐವತ್ತಕ್ಕೇ ಕಣ್ಣು ಮುಚ್ಚಿತು, ಇನ್ನೊಂದು ಅರವತ್ತಾರರವರೆಗೆ ಉರಿಯಿತು. ಆರರ ಸರಾಸರಿ ಐವತ್ತೇಳು.

ದಾಸ್ತಾನಿನ ದೊಡ್ಡಮುನಿಯಪ್ಪ ಮೀಸೆ ತಿರುವಿ, "ಮೋಸ ಕಣ್ರೀ, ಇಡೀ ರಾಶಿ ವಾಪಸ್ ಕಳಿಸಿ" ಅಂದರು.

ಕಾಲೇಜಿನಲ್ಲಿ ಲೆಕ್ಕ ಕಲಿತು ಬಂದ ರಾಮಯ್ಯನವರು ತಲೆ ಎತ್ತಲಿಲ್ಲ. "ಮೊದ್ಲು ರಾಶಿ ಸಾಚಾ ಅಂತ್ಲೇ ಇಟ್ಕೊಳ್ಳೋಣ, ನಿಜವಾದ ಸರಾಸರಿ ಅರವತ್ತೇ ಅನ್ನೋಣ. ಅದರಿಂದ ಬರೀ ಆರು ತೆಗೆದಾಗ, ಅವೂ ಒಂದಕ್ಕೊಂದು ಇಷ್ಟು ಏರುಪೇರಾಗಿದ್ದಾಗ, ಮೂರು ಸೆಕೆಂಡು ಕಮ್ಮಿ ಬರೋದು ಅಪರೂಪವಾ?" ಎಂದು ಕೋಷ್ಟಕ ತೆರೆದರು. ನೋಡಿದ ಪಂಜು ಕಡಿಮೆಯಾದಷ್ಟೂ ತಪ್ಪು ಹೊರಿಸಲು ದೊಡ್ಡ ವ್ಯತ್ಯಾಸವೇ ಬೇಕಂತೆ. ಇಲ್ಲಿ ಐದು ಸೆಕೆಂಡಿಗೂ ಮಿಕ್ಕಿ ಕಮ್ಮಿ ಬಿದ್ದಿರಬೇಕಿತ್ತಂತೆ.

"ಹಂಗಾದ್ರೆ ರಾಶಿ ಒಳ್ಳೇದು ಅಂತ ಬರೀರಿ ಸ್ವಾಮಿ, ಊಟಕ್ಕೆ ಹೋಗೋಣ" ಅಂದರು ದೊಡ್ಡಮುನಿಯಪ್ಪ.

"ಒಳ್ಳೇದು ಅಂತ ನಾನೆಲ್ಲಿ ಅಂದೆ? ಕೆಟ್ಟದ್ದು ಅನ್ನೋಕೆ ಈ ಆರು ಸಾಲದು ಅಂದೆ."

ಅತ್ತೆ, ನಮ್ಮ ಮನೆಯ ಮೇಲೆ ನೀವು ಹೊರಿಸಿದ ತಪ್ಪಿಗೆ ಸಾಕ್ಷಿ ಎರಡೇ. ಎರಡು ಸಾಲದು. ಆದರೆ ಮುಂದೆ ಮೂರನೆಯದು ಹುಟ್ಟಿದರೆ ಉಳಿಯುತ್ತದೆ ಎನ್ನಲಿಕ್ಕೂ ನನ್ನ ಹತ್ತಿರ ಏನಿಲ್ಲ. ರಂಗದ ಮೇಲಾದರೆ ಎದೆ ತಟ್ಟಿ ಹೇಳಿಬಿಡುತ್ತಿದ್ದೆ.

ರಂಗ ಅಂದಾಗ ನೆನಪಾಯಿತು. ಕಳೆದ ಶನಿವಾರ ಹಲಸೂರಿನಲ್ಲಿ ನಾಟಕವಿತ್ತು. ನನ್ನದು ಮಗನನ್ನು ಕಳೆದುಕೊಂಡ ರಾಜನ ಪಾತ್ರ. ಮಗನ ಹೆಸರು ಹಿಡಿದು ಕೂಗಿದಾಗ ಹೆಂಗಸರು ಸೆರಗನ್ನು ಕಣ್ಣಿಗೊತ್ತಿಕೊಂಡರು. ನನಗೆ ಏನೂ ಆಗಲಿಲ್ಲ. ಬಣ್ಣ ತೊಳೆದು ಮನೆಗೆ ಬಂದು ಮುದ್ದೆ ತಿರುವಿಕೊಂಡು ಉಂಡೆ.

ಅತ್ತೆಯವರಿಗೆ ನಮಸ್ಕಾರ. ಮುನಿಆಂಜನಪ್ಪನಿಗೆ ಆಶೀರ್ವಾದ. ಆದಿಲಕ್ಷ್ಮಿ, ಹೊತ್ತಿಗೆ ಸರಿಯಾಗಿ ಉಣ್ಣು.

ಇಂತು,
ಮುನಿವೆಂಕಟಪ್ಪ

ಮತ್ತೊಂದು ಮಾತು. ಮುನಿಆಂಜನಪ್ಪ, ಜಗಲಿಯ ಓದು ಇಲ್ಲಿಗೆ ಸಾಕು. ಮುಂದಿನದನ್ನು ಒಳಗೆ ಹೋಗಿ ನಿನ್ನ ಅಕ್ಕನಿಗೆ ಮಾತ್ರ ಓದು.

ಆದಿ, ಮೊದಲನೆಯವಳು ಹೋದಳೆಂದು ಎರಡನೆಯವನಿಗೆ ಹೆಸರಿಡದೆ ತಡೆದೆವು. ಉಳಿಯಲಿ, ಆಮೇಲೆ ಇಡೋಣ ಅಂದುಕೊಂಡೆವು. ಒಂದನ್ನೇ ನೋಡಿ ಅಷ್ಟು ಹೆದರಿದೆವು. ಹೋಗುವಾಗ ನೀನು "ನಿಮಗೆ ಅಳುವೇ ಬರಲ್ವಾ ರೀ" ಅಂದೆ. ಕೂಗಿ ಅಳೋಣ ಅಂದರೆ ಕೂಗಲು ಹೆಸರೇ ಇಲ್ಲ.

ಈಗ ಅವನಿಗೆ ಒಂದು ಹೆಸರು ಹೊಳೆದಿದೆ. ನೀನು ಇಲ್ಲಿಗೆ ಬರುವುದು ಬಿಡುವುದು ನಿನ್ನಿಷ್ಟ, ಅದನ್ನು ನಾನು ಕೇಳುವುದಿಲ್ಲ. ನಾಳೆ ಬೆಳಿಗ್ಗೆ ಮೊದಲ ರೈಲಿಗೆ ನಾನೇ ನಿಮ್ಮ ಕೃಷ್ಣರಾಜಪುರಕ್ಕೆ ಬಂದು, ಕೂಸಿನ ಕಿವಿಯಲ್ಲಿ ಹೇಳಬೇಕಿದ್ದುದನ್ನು ನಿನ್ನ ಕಿವಿಯಲ್ಲಿ ಹೇಳುತ್ತೇನೆ.