ಮುಂದೆ ನಿಂತ ಬಿಲ್ಲುಗಾರ

ಮಂಗಳವಾರ, ಮಾರ್ಚ್ 11

ನಮ್ಮ ಟೀಮ್ ಲೀಡರನ ಮುಖ ಕಣ್ಣ ಮುಂದಿನಿಂದ ಹೋಗುತ್ತಿಲ್ಲ.

ನಮ್ಮ ಕಂಪನಿ ಮಾಡಿದ ಯುದ್ಧದ ಗೇಮಿನಲ್ಲಿ ನಕ್ಷೆಯ ಒಂದೇ ಚೌಕದಲ್ಲಿ ಹಲವು ಸೈನಿಕರಿದ್ದಾಗ ಶತ್ರು ಮೇಲೆ ಬಿದ್ದರೆ, ಎದುರಿಸುವವರನ್ನು ಗೇಮೇ ಆರಿಸುತ್ತದೆ. ಆ ಹೊತ್ತಿಗೆ ಯಾರು ಗಟ್ಟಿಯೋ ಅವರನ್ನು. ಗುರಾಣಿಯವನಿಗೆ ತೀರಾ ಗಾಯವಾಗಿದ್ದರೆ ಪಕ್ಕದ ಬಿಲ್ಲುಗಾರ ಮುಂದೆ ಬಂದು ಸಾಯುತ್ತಾನೆ. ಸಹಾಯದ ಪುಟದಲ್ಲಿ ಇದನ್ನೆಲ್ಲ ಬರೆದಿದ್ದೆ. ಅದರ ಪ್ರಿಂಟ್ ಹಾಳೆಯಲ್ಲಿ ಗಾಯದ ವಾಕ್ಯದ ಮೇಲೆ ಟೀಮ್ ಲೀಡರ್ ಕೆಂಪು ಗೆರೆ ಎಳೆದು, ಕೆಳಗೆ ಸಹಿ ಹಾಕಿದ. "ಎಂಎ ಮಾಡಿದೀಯ ಅಂತ ಪುರಾಣ ಬರೀಬೇಡಮ್ಮ. ಗಟ್ಟಿಯವನು ಕಾಯ್ತಾನೆ ಅಂದ್ರೆ ಸಾಕು."

ಈಗ ಆಡುವವರು ಉಗಿಯುತ್ತಿದ್ದಾರೆ: ಗುರಾಣಿಯವನಿದ್ದರೂ ಬಿಲ್ಲುಗಾರ ಯಾಕೆ ಸತ್ತ?

ಇವತ್ತು ಮಾಲೀಕರು ಅದನ್ನೇ ಕೇಳಿದಾಗ ಅವನು ಕುರ್ಚಿ ಹಿಂದಕ್ಕೆಳೆದುಕೊಂಡು ನನ್ನತ್ತ ಕೈ ತೋರಿಸಿದ. "ಬರೆದಿದ್ದು ಇವಳು ಸರ್, ಇವಳನ್ನೇ ಕೇಳಿ."



"ಮೂರು ಸಾಲು ನೆಟ್ಟಗೆ ಬರೆಯೋಕೆ ಬರಲ್ವಾ? ಇನ್ನೊಂದು ತಪ್ಪಾದ್ರೆ ಕೆಲಸಕ್ಕೆ ಬರೋದು ಬೇಡ" ಎಂದರು ಮಾಲೀಕರು. ಅವನು ಪೆನ್ನಿನ ಮುಚ್ಚಳ ಕಚ್ಚುತ್ತ ತಲೆಯಾಡಿಸಿದ. ಅದೇ ಕೆಂಪು ಪೆನ್ನು.

ಗೇಮಾದರೂ ಇದ್ದವರಲ್ಲಿ ಗಟ್ಟಿಯವರನ್ನು ಮುಂದೆ ತಳ್ಳುತ್ತದೆ. ಇವನು ಬಾಯಿ ಬಾರದವಳನ್ನು ಹುಡುಕಿ ತಳ್ಳಿದ.

ಆ ಹಾಳೆ ನನ್ನ ಚೀಲದಲ್ಲಿದೆ, ಅವನ ಗೆರೆ, ಅವನ ಸಹಿ ಸಮೇತ. ನಾಳೆ ಮಾಲೀಕರ ಮೇಜಿನ ಮೇಲೆ ಇಡುತ್ತೇನೆ. ಮಾತಾಡುವುದೇನೂ ಬೇಕಿಲ್ಲ. ಇಟ್ಟು, ಅವನ ಮುಖವನ್ನೇ ನೋಡುತ್ತ ನಿಲ್ಲಬೇಕು, ಅಷ್ಟೇ. ಅವನು ಏನೇ ಅಂದರೂ ಆ ಹಾಳೆ ಮಾತ್ರ ವಾಪಸ್ ತೆಗೆದುಕೊಳ್ಳುವುದಿಲ್ಲ.